ಹುಲ್ಲು ಸಣ್ಣಗೆ ಕತ್ತರಿಸಿದ್ದೇವೆ

ಅಕ್ಟೋಬರ್ 14, ಸೋಮವಾರ

ಈ ನೋಟ್‌ಬುಕ್ ಕೊಟ್ಟದ್ದು ಎಲೆನಿ, ಜಿಲಾಂಗ್ ಆಸ್ಪತ್ರೆಯಲ್ಲಿ ಶೋನಾಗೆ ಮಾತು ಕಲಿಸುವ ಹುಡುಗಿ. ನನ್ನ ಹೆಂಡತಿ ದಿನಕ್ಕೆ ಎಷ್ಟು ಶಬ್ದ ಆಡುತ್ತಾಳೆ ಎಂದು ಎಣಿಸಿ ಬರೆದಿಡಬೇಕಂತೆ. "ಹೂಂ", "ಉಹೂಂ" ಲೆಕ್ಕಕ್ಕಿಲ್ಲ. ಎಣಿಕೆಯನ್ನು ಬೇರೆ ಹಾಳೆಗೆ ಇಳಿಸಿ ಅವಳಿಗೆ ಕೊಡುತ್ತೇನೆ, ಉಳಿದದ್ದು ನನಗಿರಲಿ. ಮೂವತ್ತು ವರ್ಷ ಬೇರೆಯವರ ಸಾಮಾನು ಮಾರಲು ಜಾಹೀರಾತು ಬರೆದವನು ನಾನು. ಏನನ್ನೂ ಮಾರದ ಬರಹ ಹೇಗಿರುತ್ತದೆ ನೋಡೋಣ.

ಶೋನಾ ಮನೆಗೆ ಬಂದು ಮೂರು ದಿನವಾಯಿತು. ಸೆಪ್ಟೆಂಬರ್ ಎರಡರಂದು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಲಕ್ವ ಹೊಡೆಯಿತು. ಬಲಗಾಲು ಎಳೆಯುತ್ತಾಳೆ, ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ತಲೆ ಮಾತ್ರ ಮೊದಲಿನ ಹಾಗೇ ಇದೆ. ಹೇಳಬೇಕಾದ್ದು ಒಳಗೆ ಸಿದ್ಧವಾಗಿರುತ್ತದೆ, ಬಾಯಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ನಿನ್ನೆ ಚಹಾ ಬೇಕೆಂದು ಹೇಳಲು ಹೋಗಿ "ಕಿಟಕಿ" ಅಂದಳು. ಅಂದದ್ದು ತಪ್ಪು ಎಂದು ಅವಳಿಗೇ ತಿಳಿಯಿತು, ಅದೇ ನೋಡಲಾಗದ್ದು.

ಕೈಗೆ ವ್ಯಾಯಾಮ ಎಂದು ಒಂದು ಟೆನಿಸ್ ಚೆಂಡು ಕೊಟ್ಟಿದ್ದಾರೆ. ಅವಳು ಹಜಾರದ ಒಂದು ತುದಿಯಲ್ಲಿ ಕುರ್ಚಿ ಮೇಲೆ ಕೂತು ಬಲಗೈಯಿಂದ ಅದನ್ನು ನೆಲದ ಮೇಲೆ ಉರುಳಿಸಬೇಕು. ಇನ್ನೊಂದು ತುದಿಯಿಂದ ನಾನು ಹಿಂದಕ್ಕೆ ಕಳಿಸಬೇಕು. ದಿನಕ್ಕೆ ನಲವತ್ತು ಸಲ.

ಉರುಳಿಸುವುದು, ಅದೂ ಶೋನಾ. ನ್ಯೂಜಿಲೆಂಡಿನ ದಕ್ಷಿಣದ ತುತ್ತತುದಿಯ ರಿವರ್ಟನ್ ಊರಿನವಳು. ನಾವಿಬ್ಬರೂ ಮೊದಲು ಕಂಡದ್ದೇ ಒಂದು ಉರುಳಿದ ಚೆಂಡಿನಿಂದ. 1981ರ ಫೆಬ್ರವರಿ, ಮೆಲ್ಬರ್ನ್ ಮೈದಾನ, ನಮ್ಮ ಆಸ್ಟ್ರೇಲಿಯಾಕ್ಕೂ ಅವರ ನ್ಯೂಜಿಲೆಂಡಿಗೂ ಪಂದ್ಯ. ಕೊನೆಯ ಚೆಂಡು ಬಾಕಿ, ಪಂದ್ಯ ಸಮ ಮಾಡಲು ಅವರಿಗೆ ಆರು ಓಟ ಬೇಕು. ಸಿಕ್ಸರ್ ಹೊಡೆದುಬಿಟ್ಟರೆ ಎಂದು ನಮ್ಮವರು ಚೆಂಡನ್ನು ಎಸೆಯದೆ ನೆಲದ ಮೇಲೆ ಗೋಲಿಯ ಹಾಗೆ ಉರುಳಿಸಿಬಿಟ್ಟರು. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ, ಮರ್ಯಾದೆ ಇರಲಿಲ್ಲ ಅಷ್ಟೆ. ನಾನು ಚಪ್ಪಾಳೆ ತಟ್ಟಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ಲೋಟದ ಬಿಯರನ್ನು ಪೂರ್ತಿ ನನ್ನ ತಲೆಯ ಮೇಲೆ ಸುರಿದಳು. ಮರುವರ್ಷ ಅವಳನ್ನೇ ಮದುವೆಯಾದೆ. ಅಂದಿನಿಂದ ಆ ಚೆಂಡಿನ ವಿಷಯಕ್ಕೆ ಬೈಸಿಕೊಳ್ಳದ ವಾರವಿಲ್ಲ.

ಇವತ್ತು ಮೊದಲ ಚೆಂಡು ಉರುಳಿಸಿ ಅವಳು ನನ್ನ ಮುಖವನ್ನೇ ನೋಡಿದಳು. ಒಂದು ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. "ತುಂಬಾ ಚೆನ್ನಾಗಿ ಮಾಡಿದೆ" ಅಂದೆ. ಕಾಯಿಲೆಯವಳ ಹತ್ತಿರ ಆಡುವ ಮಾತೇ ಅದು?

ಶಬ್ದಗಳು: 31.

ಅಕ್ಟೋಬರ್ 22, ಮಂಗಳವಾರ

ಲಾಂಗ್‌ಶೆಡ್ ಬಿಯರ್ ಕಂಪನಿಯ ಟಾನ್ಯಾ ಡೆಲಹಂಟಿ ಫೋನ್ ಮಾಡಿದ್ದಳು. ಜಾಹೀರಾತಿನ ಕೆಲಸವೆಲ್ಲ ಅಲ್ಲಿ ಅವಳದೇ. ಈ ಸಲ ಕ್ರಿಸ್‌ಮಸ್ ಮರುದಿನದ ಟೆಸ್ಟು ನ್ಯೂಜಿಲೆಂಡಿನ ಜೊತೆ. ಸಮುದ್ರದಾಚೆಯಿಂದ ಅವರ ಕಡೆಯವರು ವಿಮಾನಗಟ್ಟಲೆ ಬಂದಿಳಿಯುತ್ತಾರೆ. ಮೆಲ್ಬರ್ನ್ ರಸ್ತೆಯ ದೊಡ್ಡ ಹೋರ್ಡಿಂಗ್ ನಮಗೇ ಸಿಕ್ಕಿದೆಯಂತೆ, ಎಂದಿನಂತೆ ಅವರನ್ನು ಕಾಲೆಳೆಯುವ ಒಂದು ಸಾಲು ಬೇಕು.

ಇಪ್ಪತ್ತೆರಡು ವರ್ಷದಿಂದ ಲಾಂಗ್‌ಶೆಡ್‌ಗೆ ನಾನು ಮಾಡಿರುವುದು ಅದನ್ನೇ. ಬಿಯರ್ ಜಾಹೀರಾತನ್ನು ಮೊದಲೇ ನೋಡಿ ಒಪ್ಪಿಗೆ ಕೊಡುವ ಕಚೇರಿಯೊಂದಿದೆ. ಕುಡಿದರೆ ಗೆಲ್ಲುತ್ತೀರಿ ಅನ್ನುವಂತಿಲ್ಲ, ಕುಡಿದರೆ ಹುಡುಗಿ ಸಿಗುತ್ತಾಳೆ ಅನ್ನುವಂತಿಲ್ಲ, ಇಪ್ಪತ್ತೈದು ತುಂಬದವರ ಮುಖ ತೋರಿಸುವಂತಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಬಿಯರಿನ ಬಗ್ಗೆ ಹೇಳಲು ಉಳಿಯುವುದು ಏನು? ಪಕ್ಕದ ದೇಶದವರು ಎಂಥವರು ಅನ್ನುವುದು ಮಾತ್ರ. "ನ್ಯೂಜಿಲೆಂಡಿನವರು ನಮ್ಮನ್ನು ಕಂಡರೆ ಉರಿಯುತ್ತಾರೆ. ಅದಕ್ಕೇ ಅರ್ಧ ಜನ ಇಲ್ಲೇ ಬಂದು ನೆಲೆಸಿದ್ದಾರೆ." ಅದು ನಾನು ಬರೆದದ್ದು. "ಪಾವ್ಲೋವಾ ಕೇಕು ಕಂಡುಹಿಡಿದವರು ನೀವೇ ಇರಲಿ, ತಿಂದು ಮುಗಿಸಿದವರು ನಾವು." ಅದೂ ನನ್ನದೇ.

ಕೆಲಸದ ಕ್ರಮ ಹೀಗಿತ್ತು. ಬರೆದ ಸಾಲನ್ನು ಅಡುಗೆಮನೆಯಲ್ಲಿ ಶೋನಾಗೆ ಓದಿ ಹೇಳುತ್ತಿದ್ದೆ. ಅವಳು ಸುಮ್ಮನಿದ್ದರೆ ಆ ಸಾಲು ಕಸದ ಬುಟ್ಟಿಗೆ. ಪಾತ್ರೆ ಒರೆಸುವ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದು ತಿರುಗೇಟು ಕೊಟ್ಟರೆ ಆ ಸಾಲು ಹೋರ್ಡಿಂಗಿಗೆ. ಆ ಅರ್ಧ ಜನರ ಸಾಲಿಗೆ ಅವಳು ಅಂದದ್ದು ಇವತ್ತಿಗೂ ನೆನಪಿದೆ: "ನಾವು ಬಂದಿರೋದು ಕೆಲಸ ಮಾಡೋದು ಹೇಗೆ ಅಂತ ನಿಮಗೆ ತೋರ್ಸೋಕೆ ಕಣೋ. ಕಲಿತ ತಕ್ಷಣ ಹೊರಡ್ತೀವಿ. ಇನ್ನೂ ಕಲಿತಿಲ್ಲ." ಕುರಿ ಬಂದ ಸಾಲನ್ನು ಮಾತ್ರ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನ್ಯೂಜಿಲೆಂಡ್ ಅಂದ ಕೂಡಲೇ ಕುರಿ ಅನ್ನುವವನಿಗೆ ತಲೆಯಲ್ಲಿ ಬೇರೇನೂ ಇಲ್ಲ ಅಂತ ಅರ್ಥ ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಲಾಂಗ್‌ಶೆಡ್ ಒಂದು ಕುರಿಯನ್ನೂ ಮುಟ್ಟಿಲ್ಲ.

ಈ ಸಲ ಅವಳಿಗೆ ಓದಿ ಹೇಳುವ ಮಾತೇ ಇಲ್ಲ. ಅವಳಿಗೆ ಬೇಕಾದ್ದು ನೆಮ್ಮದಿ. ಒಬ್ಬನೇ ಬರೆಯುತ್ತೇನೆ.

ಶಬ್ದಗಳು: 27.

ಅಕ್ಟೋಬರ್ 29, ಮಂಗಳವಾರ

ಏಳು ಸಾಲು ಬರೆದೆ, ಒಂದೂ ನಗು ತರಿಸಲಿಲ್ಲ.

ಮಧ್ಯಾಹ್ನ ಅವಳಿಗೆ ಇಷ್ಟ ಎಂದು ಅವಳ ಊರಿನ ಚೀಸ್ ರೋಲ್ ಮಾಡಲು ಹೋದೆ. ಬ್ರೆಡ್ಡಿಗೆ ಚೀಸು, ಈರುಳ್ಳಿ ಸವರಿ ಸುರುಳಿ ಸುತ್ತಿ ಸುಡುವುದು, ಅಷ್ಟೇ ಕೆಲಸ. ಒಂದು ಕಡೆ ಕರಕಲಾಯಿತು, ಇನ್ನೊಂದು ಕಡೆ ಹಸಿಯಾಗೇ ಉಳಿಯಿತು. ಶೋನಾ ಕಚ್ಚಿ ನೋಡಿ, ತುಂಬ ಹೊತ್ತು ಬಾಯಿ ಸರಿಮಾಡಿಕೊಂಡು, "ಆಸ್... ಆಸ್ಟ್ರೇಲಿ..." ಅಂದಳು. ಪಾಪ, ಏನೋ ಹೇಳಲು ಹೊರಟು ಬೇರೆ ಶಬ್ದ ಬಂತೆಂದು ಕಾಣುತ್ತದೆ. ಕಷ್ಟಪಡಬೇಡ, ನೀರು ಬೇಕಾ ಎಂದು ಕೇಳಿ ತಂದುಕೊಟ್ಟೆ. ಕುಡಿಯಲಿಲ್ಲ.

ಶಬ್ದಗಳು: 19.

ನವೆಂಬರ್ 5, ಮಂಗಳವಾರ

ಮೆಲ್ಬರ್ನ್ ಕಪ್. ಊರಿಗೆಲ್ಲ ರಜೆ. ಪ್ರತಿ ವರ್ಷ ಈ ದಿನ ಟಿವಿಯಲ್ಲಿ ಕುದುರೆಗಳು ಓಡುವ ಮುಂಚೆ ನಮ್ಮ ಮನೆಯಲ್ಲಿ ಒಂದು ಸತ್ತ ಕುದುರೆಯ ಜಗಳ ನಡೆಯುತ್ತದೆ. ಫಾರ್ ಲ್ಯಾಪ್ ಸತ್ತು ಎಂಬತ್ತು ವರ್ಷದ ಮೇಲಾಯಿತು. ಹುಟ್ಟಿದ್ದು ಅವರಲ್ಲಿ, ಓಡಿ ಗೆದ್ದದ್ದು ನಮ್ಮಲ್ಲಿ. ಅದರ ಚರ್ಮ ಮೆಲ್ಬರ್ನ್ ಮ್ಯೂಸಿಯಮ್ಮಿನಲ್ಲಿದೆ, ಹೃದಯ ಕ್ಯಾನ್‌ಬೆರಾದಲ್ಲಿದೆ, ಮೂಳೆ ವೆಲಿಂಗ್ಟನ್ನಿನಲ್ಲಿದೆ. ಕುದುರೆ ಯಾರದು ಎಂದು ಮೂವತ್ತೇಳು ವರ್ಷ ಜಗಳವಾಡಿದ್ದೇವೆ. ಬೆನ್ನುಮೂಳೆ ಇರೋದು ನಮ್ಮ ಹತ್ರ, ಬರೀ ತೊಗಲು ಇರೋದು ನಿಮ್ಮ ಹತ್ರ ಎಂದು ಅವಳು ಹೇಳಿದ ಮೇಲೆ ನಾನು ಎದ್ದು ಮಾಂಸ ಸುಡಲು ಹಿತ್ತಲಿಗೆ ಹೋಗುವುದು ವಾಡಿಕೆ.

ಇವತ್ತು ಫಾರ್ ಲ್ಯಾಪ್ ಚಿತ್ರ ಟಿವಿಯಲ್ಲಿ ಬಂತು. ಶೋನಾ ನನ್ನ ಕಡೆ ತಿರುಗಿದಳು. ಹುಬ್ಬು ಮೇಲೇರಿತ್ತು.

"ಕುದುರೆ ನಿಮ್ಮದೇ ಕಣೆ" ಅಂದೆ. "ಯೋಚ್ನೆ ಮಾಡಿದ್ರೆ ಮೊದಲಿಂದಾನೂ ನಿಮ್ಮದೇ."

ಬಹಳ ಹೊತ್ತು ನನ್ನನ್ನು ನೋಡಿದಳು. ಆಮೇಲೆ ಎಡಗೈ ಚಾಚಿ ಟಿವಿ ಆರಿಸಿಬಿಟ್ಟಳು. ಓಟ ಇನ್ನೂ ಶುರುವೇ ಆಗಿರಲಿಲ್ಲ. ದಣಿದಿರಬೇಕು.

ಶಬ್ದಗಳು: 6.

ನವೆಂಬರ್ 13, ಬುಧವಾರ

ಎಲೆನಿ ನನ್ನನ್ನು ಬೇರೆ ಕೋಣೆಗೆ ಕರೆದಳು. ಎಣಿಕೆಯ ಹಾಳೆ ಅವಳ ಕೈಯಲ್ಲಿತ್ತು. ಏರಬೇಕಾದದ್ದು ಇಳಿಯುತ್ತಿದೆ. ಕಾಯಿಲೆಯಿಂದಲ್ಲ, ಶೋನಾ ಪ್ರಯತ್ನವನ್ನೇ ಬಿಡುತ್ತಿದ್ದಾಳೆ ಎಂದಳು. ಮೊದಲ ಕೆಲವು ತಿಂಗಳು ಮುಖ್ಯವಂತೆ. ಈಗ ಹಟಹಿಡಿದು ಬಾಯಿ ಆಡಿಸಿದರೆ ಮಾತು ಮರಳಬಹುದು, ಈಗ ಕೈಬಿಟ್ಟರೆ ಹತ್ತಿಪ್ಪತ್ತು ಶಬ್ದದಲ್ಲೇ ಉಳಿದ ಆಯುಷ್ಯ ಕಳೆಯಬೇಕಾದೀತು. ಅದನ್ನು ಅವಳು ಮೆಲ್ಲಗೇ ಹೇಳಿದಳು.

"ಮನೇಲಿ ಅವರ ಜೊತೆ ಹೇಗೆ ಮಾತಾಡ್ತೀರ?" ಎಂದು ಕೇಳಿದಳು.

"ಸಮಾಧಾನವಾಗಿ. ಒಂದು ಗಡುಸು ಮಾತು ಆಡಿಲ್ಲ."

"ಮೊದ್ಲು ಹೇಗಾಡ್ತಿದ್ರೋ ಹಾಗೇ ಆಡಿ, ಗ್ಲೆನ್."

ಮೊದಲಿಗಿಂತ ಚೆನ್ನಾಗಿಯೇ ಆಡುತ್ತಿದ್ದೇನೆ. ಈ ಹುಡುಗಿಗೆ ಮದುವೆಯಾಗಿಲ್ಲ, ತಿಳಿಯುವುದಿಲ್ಲ. ಮನೆಗೆ ಬಂದು ಶೋನಾಗೆ ಇನ್ನಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದೆ.

ಶಬ್ದಗಳು: 8.

ನವೆಂಬರ್ 20, ಬುಧವಾರ

ಸಾಲು ಕಳಿಸಿದೆ. "ನಡುವೆ ಸಮುದ್ರವಿದ್ದರೂ ನಾವು ಒಂದೇ ಮನೆಯವರು. ನೆರೆಯವರೇ, ಪ್ರೀತಿಯ ಸ್ವಾಗತ. ಲಾಂಗ್‌ಶೆಡ್."

ಫೋನ್ ಮಾಡಿದ ಟಾನ್ಯಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಆಮೇಲೆ, "ಇದ್ರಲ್ಲಿ ಜೋಕ್ ಎಲ್ಲಿದೆ, ಗ್ಲೆನ್?" ಎಂದಳು.

ಈ ಸಲ ಜೋಕಿಲ್ಲ ಅಂದೆ. ಶೋನಾ ಹೇಗಿದ್ದಾಳೆ ಎಂದು ಕೇಳಿದಳು, ಹೇಳಿದೆ. ಆಮೇಲೆ ಅವಳ ದನಿಯೇ ಬದಲಾಯಿತು. ತುಂಬಾ ಚೆನ್ನಾಗಿದೆ ಗ್ಲೆನ್, ಹೃದಯಕ್ಕೆ ಮುಟ್ಟುತ್ತೆ, ಹೀಗೇ ಹಾಕಿಬಿಡೋಣ ಅಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಒಂದು ಅಕ್ಷರವನ್ನೂ ತಿದ್ದದೆ ಒಪ್ಪಿದ್ದಾಳೆ. ಸಂತೋಷಪಡಬೇಕಾಗಿತ್ತು.

ಒಪ್ಪಿಗೆಯ ಕಚೇರಿಯವರೂ ಎರಡೇ ದಿನದಲ್ಲಿ ಕೊಡುತ್ತಾರಂತೆ. ಇದರಲ್ಲಿ ತಡೆಯುವಂಥದ್ದು ಏನಿದೆ?

ಶಬ್ದಗಳು: 5.

ಡಿಸೆಂಬರ್ 2, ಸೋಮವಾರ

ಹೋರ್ಡಿಂಗ್ ಹಾಕಿದ್ದಾರೆ. ಶೋನಾಗೆ ತೋರಿಸಬೇಕೆಂದು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ರಸ್ತೆಯ ಅಂಚಿಗೆ ನಿಲ್ಲಿಸಿದೆ. ನೀಲಿ ಸಮುದ್ರದ ಎರಡು ದಡದಿಂದ ಎರಡು ಕೈ ಚಾಚಿರುವ ಚಿತ್ರ, ಕೆಳಗೆ ನನ್ನ ಸಾಲು. ಅವಳು ಒಂದು ಸಲ ಓದಿದಳು. ಕಣ್ಣಲ್ಲಿ ನೀರು ತುಂಬಿತು. ಮನಸ್ಸಿಗೆ ತಟ್ಟಿತಲ್ಲ ಎಂದುಕೊಂಡೆ. ಕೈ ಹಿಡಿಯಲು ಹೋದೆ, ಅವಳು ಕಿಟಕಿಯ ಕಡೆ ತಿರುಗಿದಳು.

ಶಬ್ದಗಳು: ಇಲ್ಲ.

ಡಿಸೆಂಬರ್ 4, ಬುಧವಾರ

ಶಬ್ದಗಳು: ಇಲ್ಲ. ಚೆಂಡು ಕಸದ ಬುಟ್ಟಿಯಲ್ಲಿ ಸಿಕ್ಕಿತು. ಅವಳೇ ಹಾಕಿದ್ದು.

ಡಿಸೆಂಬರ್ 6, ಶುಕ್ರವಾರ

ರಿವರ್ಟನ್ನಿನಿಂದ ನಾದಿನಿ ಐಲಾ ಫೋನ್ ಮಾಡಿದಳು. ಹೋರ್ಡಿಂಗಿನ ಫೋಟೋ ಅಲ್ಲಿ ಊರೆಲ್ಲ ಸುತ್ತುತ್ತಿದೆಯಂತೆ. ರೇಡಿಯೋದಲ್ಲಿ ಅರ್ಧ ಗಂಟೆ ಅದರದೇ ಚರ್ಚೆ. ಆಸ್ಟ್ರೇಲಿಯಾದವರು ನಮ್ಮನ್ನು ನೋಡಿ ಮರುಕಪಡುವಷ್ಟು ನಮ್ಮ ತಂಡ ಕೆಟ್ಟುಹೋಯಿತೇ ಎಂದು ಒಬ್ಬ ಕೇಳಿದನಂತೆ. ಯಾರು ಸತ್ತರು ಎಂದು ಇನ್ನೊಬ್ಬ ಕೇಳಿದನಂತೆ.

ಇದನ್ನೆಲ್ಲ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿದಳು.

"ಅಕ್ಕನ ಹತ್ರಾನೂ ಹೀಗೇ ಮಾತಾಡ್ತಿದೀಯ ನೀನು?"

"ಹೀಗೆ ಅಂದ್ರೆ?"

"ಆ ಬೋರ್ಡಲ್ಲಿ ಬರ್ದಿದೀಯಲ್ಲ, ಹಾಗೆ."

ಅವಳಿಗೆ ಹುಷಾರಿಲ್ಲ, ಮತ್ತೆ ಹೇಗೆ ಮಾತಾಡಬೇಕಿತ್ತು ಎಂದು ಕೇಳಿದೆ. ಐಲಾ ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ. "ಕೊನೇ ವರ್ಷ ನಮ್ಮಪ್ಪನಿಗೆ ಎಂಥ ಕಾಯಿಲೆ ಅಂತ ನಾವ್ಯಾರೂ ಹೇಳ್ಲಿಲ್ಲ, ಮಾರಾಯ. ಡಾಕ್ಟರೂ ಹೇಳ್ಲಿಲ್ಲ. ಹೋಟ್ಲಲ್ಲಿ ಅವನ ಸ್ನೇಹಿತರು ಅವನ ಕಾಲೆಳೆಯೋದು ನಿಲ್ಸಿದ್ರು ನೋಡು, ಅವತ್ತು ಮನೆಗ್ ಬಂದು ನಾನು ಸಾಯ್ತಿದೀನಿ ಅಲ್ವಾ ಅಂತ ಕೇಳ್ದ. ಅಕ್ಕ ಅಲ್ಲೇ ಇದ್ಲು."

ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ. ಎರಡು ಸಾವಿರ ಕಿಲೋಮೀಟರ್ ಆಚೆ ಕೂತು ಬುದ್ಧಿ ಹೇಳುವುದು ಸುಲಭ. ಊಟ ಮಾಡಿಸುವವನು ನಾನು, ಕಾಲಿಗೆ ಚಪ್ಪಲಿ ಹಾಕುವವನು ನಾನು.

ಎಣಿಸಲು ಏನೂ ಇರಲಿಲ್ಲ.

ಡಿಸೆಂಬರ್ 9, ಸೋಮವಾರ

ಎರಡು ದಿನ ಯೋಚಿಸಿದೆ. ಐಲಾ ಹೇಳಿದ್ದು ಸರಿ ಎಂದು ನಾನೇನೂ ಒಪ್ಪಿಲ್ಲ. ಆದರೆ ಆ ಸಾಲನ್ನು ಶೋನಾಗೆ ಓದಿ ಹೇಳದೆ ಕಳಿಸಿದ್ದು ತಪ್ಪೇ. ಇಪ್ಪತ್ತೆರಡು ವರ್ಷದ ಕ್ರಮ ಅದು. ತಡವಾದರೂ ಕೇಳಿಬಿಡೋಣ ಎಂದು ಬೆಳಿಗ್ಗೆ ಚಹಾ ಕೊಟ್ಟು ಎದುರು ಕೂತೆ.

"ಆ ಹೋರ್ಡಿಂಗ್ ಹೇಗಿದೆ? ನಿಜ ಹೇಳು."

ಲೋಟ ಕೆಳಗಿಟ್ಟಳು. ತುಟಿ ಆಡಿತು, ನಿಂತಿತು, ಮತ್ತೆ ಆಡಿತು. ಕತ್ತಿನ ನರ ಬಿಗಿಯಿತು. ನಾನು ಸಹಾಯಕ್ಕೆ ಹೋಗದೆ ಕೈಕಟ್ಟಿ ಕೂತಿದ್ದೆ, ಅದು ಸುಲಭವಿರಲಿಲ್ಲ.

"ಕುರಿ" ಅಂದಳು.

ತಪ್ಪು ಶಬ್ದ ಬಂತೆಂದುಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಉಸಿರು ಎಳೆದುಕೊಂಡಳು.

"ಕುರಿ... ಜೋಕೇ... ವಾಸಿ... ಇತ್ತು."

ಮೂರು ತಿಂಗಳಲ್ಲಿ ನಾನು ನಕ್ಕಿರಲಿಲ್ಲ ಎಂದು ನಗು ಬಂದಾಗಲೇ ತಿಳಿದದ್ದು. ಚಹಾ ಮೂಗಿಗೆ ಹತ್ತಿತು. ಕಣ್ಣೊರೆಸಿಕೊಂಡು ನೋಡಿದರೆ ಅವಳು ನಗುತ್ತಿರಲಿಲ್ಲ, ಸಿಟ್ಟಿನಿಂದ ಕೆಂಪಾಗಿದ್ದಳು. ಆ ಬಣ್ಣ ಅವಳ ಮುಖದಲ್ಲಿ ಕಂಡು ಎಷ್ಟು ದಿನವಾಗಿತ್ತು.

ಚೆಂಡನ್ನು ಕಸದ ಬುಟ್ಟಿಯಿಂದ ಅವತ್ತೇ ತೆಗೆದು ತೊಳೆದಿಟ್ಟಿದ್ದೆ. ತಂದು ಅವಳ ಕೈಗೆ ಕೊಟ್ಟು ಹಜಾರದ ಆ ತುದಿಯಲ್ಲಿ ನಿಂತೆ. ಉರುಳಿಸಿದಳು. ಮುಖ ನೋಡಿದಳು. ಅಕ್ಟೋಬರಿನಲ್ಲಿ ನುಂಗಿದ ಮಾತು ಅಲ್ಲೇ ಕೂತಿತ್ತು.

"ಮೂವತ್ತೆಂಟು ವರ್ಷ ನಮ್ಮನ್ನ ಬೈದು ಬೈದು, ಕೊನೆಗೆ ನೀನೇ ಚೆಂಡು ಉರುಳಿಸೋಕೆ ಇಳಿದ್ಯಲ್ಲೇ" ಅಂದೆ.

ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದಳು, ಬರಲಿಲ್ಲ. ಪಕ್ಕದಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಎಡಗೈಯಿಂದ ಎಸೆದಳು. ನನ್ನಿಂದ ಎರಡು ಮಾರು ದೂರ ಬಿತ್ತು. ಆಮೇಲೆ ಇಡೀ ದಿನ ನನ್ನ ಜೊತೆ ಮಾತಿಲ್ಲ. ಹೆಚ್ಚಾಯಿತೇನೋ ಎಂದು ಭಯವಾಗಿದೆ.

ಡಿಸೆಂಬರ್ 10, ಮಂಗಳವಾರ

ಬೆಳಿಗ್ಗೆ ನಾನು ಕೇಳುವ ಮುಂಚೆಯೇ ಹಜಾರದ ಕುರ್ಚಿಯಲ್ಲಿ ಹೋಗಿ ಕೂತಿದ್ದಳು. ಅರವತ್ತು ಸಲ ಉರುಳಿಸಿದಳು. ತುಟಿ ಆಡುತ್ತಲೇ ಇತ್ತು. ಮಧ್ಯಾಹ್ನ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಏನೋ ಗೊಣಗುವುದು ಕೇಳಿಸಿತು. ಒಳಗೆ ಬರಲಾ ಎಂದು ಕೇಳಿದೆ. ಬಾಗಿಲಿಗೆ ಏನೋ ಬಡಿಯಿತು, ಸೋಪು ಇರಬೇಕು.

ಡಿಸೆಂಬರ್ 12, ಗುರುವಾರ

ತಿಂಡಿಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಶೋನಾ ಮೇಜಿನ ಮೇಲೆ ಎಡಗೈಯಿಂದ ಎರಡು ಸಲ ಬಡಿದಳು, ನನ್ನ ಕಡೆ ನೋಡು ಎನ್ನುವ ಹಾಗೆ. ನೋಡಿದೆ.

"ನಾನು... ಕೈ ಏಳ್ದೇ... ಇದ್ದಾಗ... ಉರುಳಿಸ್ತೀನಿ" ಅಂದಳು. ಇಷ್ಟಕ್ಕೇ ಅವಳ ಹಣೆಯಲ್ಲಿ ಬೆವರೊಡೆಯಿತು. ನಾನು ಚಾಕು ಹಿಡಿದುಕೊಂಡೇ ಕಾದೆ. "ನೀವು... ಗೆಲ್ತಾ... ಇದ್ದಾಗ್ಲೂ... ಉರುಳಿಸಿದ್ರಿ."

ಮೂರು ದಿನ ತೆಗೆದುಕೊಂಡಿದ್ದಳು. ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಕಟ್ಟಿದ್ದು ಇದನ್ನೇ. ಮೂವತ್ತೆಂಟು ವರ್ಷದಲ್ಲಿ ಆ ಚೆಂಡಿಗೆ ಇದಕ್ಕಿಂತ ಒಳ್ಳೆಯ ಮಾತು ಯಾರೂ ಆಡಿಲ್ಲ. ಹಾಗೆಂದು ಒಪ್ಪಿಕೊಂಡರೆ ಮತ್ತೆ ಕುದುರೆಯ ಕಥೆಯೇ ಆಗುತ್ತದೆ. ಹಾಗಾಗಿ, ಇಷ್ಟು ಹೇಳೋಕೆ ಮೂರು ದಿನ ಬೇಕಾಯ್ತಾ, ನಿಮ್ಮ ಊರಲ್ಲಿ ಎಲ್ಲ ಕೆಲಸಾನೂ ಇಷ್ಟೇ ಬೇಗ ಆಗುತ್ತಾ ಅಂದೆ. ಬೆಣ್ಣೆ ಹಚ್ಚಿದ ಬ್ರೆಡ್ಡು ನನ್ನ ಅಂಗಿಗೆ ಬಂದು ಅಂಟಿತು. ಈ ಸಲ ಗುರಿ ತಪ್ಪಲಿಲ್ಲ.

ಹೊರಗೆ ಹೋಗಿ ಹಿತ್ತಲ ಬಟ್ಟೆ ತಂತಿಯ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಅತ್ತುಬಿಟ್ಟೆ, ಅದನ್ನು ಬರೆದುಕೊಳ್ಳಲು ನಾಚಿಕೆಯಿಲ್ಲ.

ಡಿಸೆಂಬರ್ 13, ಶುಕ್ರವಾರ

ಹೋರ್ಡಿಂಗ್ ಬದಲಿಸಬೇಕೆಂದು ಟಾನ್ಯಾಗೆ ಹೇಳಿದೆ. ಸದ್ಯ, ಈಗಲಾದ್ರೂ ಹೇಳಿದ್ರಲ್ಲ ಅಂದಳು. ಅದನ್ನು ನೋಡಿ ಕಂಪನಿಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲವಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮಗೆ ಹೇಗ್ ಹೇಳೋದು ಗ್ಲೆನ್, ನಿಮ್ಮ ಕಷ್ಟ ನಿಮಗೆ" ಅಂದಳು. ನನ್ನ ಕಷ್ಟ ನೋಡಿ ಒಂದು ಕೆಟ್ಟ ಜಾಹೀರಾತನ್ನು ರಸ್ತೆಗೆ ಬಿಟ್ಟರೆ? ಮರುಕಕ್ಕೂ ಒಂದು ಮಿತಿ ಬೇಡವೇ? ಸ್ವಲ್ಪ ರೇಗಿದೆ.

ಮಧ್ಯಾಹ್ನದೊಳಗೆ ಹೊಸ ಸಾಲು ಬೇಕು. ಅಡುಗೆಮನೆಯಲ್ಲಿ ಕೂತು ಓದತೊಡಗಿದೆ. ಮೊದಲನೆಯದಕ್ಕೆ ಶೋನಾ ಕಿಟಕಿಯಾಚೆ ನೋಡಿದಳು. ಎರಡನೆಯದಕ್ಕೆ ಆಕಳಿಸಿದಳು. ಮೂರನೆಯದು ಹೀಗಿತ್ತು: "ಸ್ವಾಗತ, ನ್ಯೂಜಿಲೆಂಡ್. ಈ ಸಲ ಚೆಂಡು ಉರುಳಿಸುವುದಿಲ್ಲ, ಆಣೆ."

"ಆಣೆ... ಬೇಡ" ಅಂದಳು. "ಯಾರೂ... ನಂಬಲ್ಲ."

"ಮತ್ತೆ?"

ಕಣ್ಣು ಮುಚ್ಚಿದಳು. ಬಹಳ ಹೊತ್ತಾಯಿತು. ನಾನು ಒಂದು ಶಬ್ದವನ್ನೂ ಎತ್ತಿಕೊಡಲಿಲ್ಲ. "ಹುಲ್ಲು" ಬಂತು. ಗಡಿಯಾರದ ಮುಳ್ಳು ಕಾಲು ಗಂಟೆ ದಾಟಿದ ಮೇಲೆ "ಕತ್ತರಿಸಿ" ಬಂತು. ನಡುವೆ "ಚಪ್ಪಲಿ" ಎಂಬ ತಪ್ಪು ಶಬ್ದವೊಂದು ನುಗ್ಗಿತು, ಅದನ್ನು ಅವಳೇ ಕೈಬೀಸಿ ಓಡಿಸಿದಳು. ಮುಕ್ಕಾಲು ಗಂಟೆಗೆ ಇಷ್ಟಾಯಿತು:

"ಸ್ವಾಗತ, ನ್ಯೂಜಿಲೆಂಡ್. ಹುಲ್ಲು ಸಣ್ಣಗೆ ಕತ್ತರಿಸಿದ್ದೇವೆ. ಚೆಂಡು ಚೆನ್ನಾಗಿ ಉರುಳುತ್ತದೆ."

ಓದಿ ಹೇಳಿದೆ. ಅವಳೇ ಹೇಳಿ ಬರೆಸಿದ ಸಾಲಿಗೆ ಅವಳಿಗೇ ಸಿಟ್ಟು ಬಂತು. ಬಟ್ಟೆಗಾಗಿ ಅತ್ತಿತ್ತ ನೋಡಿದಳು. ನಾನೇ ಎದ್ದು ತಂದು ಕೈಗೆ ಕೊಟ್ಟು, ಮತ್ತೆ ನನ್ನ ಜಾಗಕ್ಕೆ ಬಂದು ಕೂತೆ.

ಡಿಸೆಂಬರ್ 18, ಬುಧವಾರ

ಕಚೇರಿಯ ಒಪ್ಪಿಗೆ ಬಂತು. ಹೋರ್ಡಿಂಗಿನಲ್ಲಿ ಯಾರೂ ಕುಡಿಯುವುದಿಲ್ಲ, ಯಾರೂ ಗೆಲ್ಲುವುದಿಲ್ಲ, ಯಾರ ಮುಖವೂ ಇಲ್ಲ. ಹಸಿರು ಹುಲ್ಲು, ಒಂದು ಚೆಂಡು, ಒಂದು ಬಾಟಲಿ. ಚೆಂಡಿಗೆ ಇಪ್ಪತ್ತೈದು ತುಂಬಿದೆಯೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಮೂವತ್ತೆಂಟು ಅನ್ನುತ್ತಿದ್ದೆ.

ಆಸ್ಪತ್ರೆಗೆ ಹೋಗಿದ್ದೆವು. ಎಣಿಕೆಯ ಹಾಳೆ ಎಲ್ಲಿ ಎಂದು ಎಲೆನಿ ಕೇಳಿದಳು. ಹಿಂದಿನ ಪುಟ ತಿರುವಿದರೆ ಒಂಬತ್ತನೇ ತಾರೀಖಿನಿಂದ ಎಣಿಸಿಯೇ ಇಲ್ಲ. ಕ್ಷಮೆ ಕೇಳಿದೆ. ಅಷ್ಟರಲ್ಲಿ ಶೋನಾ, "ಇವನಿಗೆ... ಎಣಿಸೋಕೆ... ಬರಲ್ಲ" ಅಂದಳು. ಎಲೆನಿ ಪೆನ್ನು ಕೆಳಗಿಟ್ಟು ಅವಳನ್ನೂ ನನ್ನನ್ನೂ ನೋಡಿದಳು. ಹೊರಡುವಾಗ, ನೀವು ಬದಲಾಗಿದ್ದೀರಿ ಗ್ಲೆನ್ ಅಂದಳು. ನಾನೇನೂ ಬದಲಾಗಿಲ್ಲ. ಶೋನಾ ಸುಧಾರಿಸುತ್ತಿದ್ದಾಳೆ, ಅಷ್ಟೆ.

ಡಿಸೆಂಬರ್ 21, ಶನಿವಾರ

ಹೊಸ ಹೋರ್ಡಿಂಗ್ ಮೇಲೇರಿತು. ರೇಡಿಯೋದವರು ಲಾಂಗ್‌ಶೆಡ್ ಮೈಮೇಲೆ ಬಿದ್ದಿದ್ದಾರೆ. ವಿಮಾನ ನಿಲ್ದಾಣದಿಂದ ಬರುವ ನ್ಯೂಜಿಲೆಂಡಿನವರು ದಾರಿ ಬಳಸಿ ಬಂದು, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ನಮ್ಮ ವಂಶವನ್ನೇ ಬೈದು ಹೋಗುತ್ತಿದ್ದಾರಂತೆ. ಕಂಪನಿಯಲ್ಲಿ ಎಲ್ಲರ ಮುಖದಲ್ಲೂ ಕಳೆ ಎಂದು ಟಾನ್ಯಾ ಹೇಳಿದಳು. ಐಲಾ ಫೋನಿನಲ್ಲಿ ನನ್ನನ್ನು ಕರೆದ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಬರೆದದ್ದು ನಿನ್ನ ಅಕ್ಕ ಎಂದು ಹೇಳಿ ಫೋನನ್ನು ಶೋನಾ ಕಿವಿಗೆ ಹಿಡಿದೆ. ಆ ಕಡೆಯಿಂದ ಬಿಕ್ಕುವುದು ಕೇಳಿಸಿತು. "ಅಳ್ಬೇಡ್ವೇ... ದಡ್ಡಿ" ಅಂದಳು ಶೋನಾ.

ಡಿಸೆಂಬರ್ 26, ಗುರುವಾರ

ಮೈದಾನಕ್ಕೆ ಹೋಗಿದ್ದೆವು. ಅವಳದೇ ಹಟ. ಎಪ್ಪತ್ತು ಎಂಬತ್ತು ಸಾವಿರ ಜನ, ಗಾಲಿಕುರ್ಚಿ ತಳ್ಳಿಕೊಂಡು ರೈಲಿನಿಂದ ಇಳಿಯುವಷ್ಟರಲ್ಲಿ ನನ್ನ ಬೆನ್ನು ಮುರಿಯಿತು. ಅವಳು ಕತ್ತಿಗೆ ನ್ಯೂಜಿಲೆಂಡ್ ತಂಡದ ಕಪ್ಪು ಸ್ಕಾರ್ಫ್ ಸುತ್ತಿಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ಗಾಲಿಕುರ್ಚಿಯವರಿಗೆಂದೇ ಇರುವ ಸಾಲಿನಲ್ಲಿ ಜಾಗ. ಅಕ್ಕಪಕ್ಕದಲ್ಲಿ ನ್ಯೂಜಿಲೆಂಡಿನ ಡನೀಡನ್ನಿನಿಂದ ಬಂದ ಮಂದಿ. ಒಬ್ಬ ತನ್ನ ಅಂಗಿಯ ಬೆನ್ನಿಗೆ ನಮ್ಮ ಹೋರ್ಡಿಂಗಿನ ಸಾಲನ್ನೇ ಬರೆದು, ಕೆಳಗೆ ಒಂದು ಬೈಗುಳ ಸೇರಿಸಿಕೊಂಡಿದ್ದ.

ಶೋನಾ ಅವನ ತೋಳು ತಟ್ಟಿದಳು. "ಅದು... ನಾನ್ ಬರ್ದಿದ್ದು."

ಅವನು ಅವಳ ಸ್ಕಾರ್ಫ್ ನೋಡಿದ, ಅವಳ ಮಾತಿನ ಧಾಟಿ ಕೇಳಿದ, ನಂಬಲಿಲ್ಲ. ನಿಮ್ಮ ದೇಶದವರ ಬಗ್ಗೇನೇ ನೀವು ಹೀಗೆ ಬರೀತೀರಾ ಎಂದು ಕೇಳಿದ. ಬೈದಿರೋದು ಯಾರನ್ನ ಅಂತ ಇನ್ನೊಂದ್ಸಲ ಓದಿ ನೋಡು ಎಂದು ಅವಳು ಬೆರಳಿನಲ್ಲೇ ತೋರಿಸಿದಳು. ಅವನು ಅಂಗಿಯನ್ನು ಎಳೆದು ತಿರುಗಿಸಿ ಓದಿಕೊಂಡು, ನಿಧಾನವಾಗಿ ನಕ್ಕು, ನನ್ನ ಕಡೆ ಒಂದು ಸಲ ಕನಿಕರದಿಂದ ನೋಡಿದ.

ಊಟದ ವಿರಾಮಕ್ಕೆ ಬಿಯರ್ ತಂದೆ. ಮೈದಾನದಲ್ಲಿ ಮಾರುವುದು ಬೇರೆ ಕಂಪನಿಯದು, ಪ್ಲಾಸ್ಟಿಕ್ ಲೋಟ, ನೀರಾದ ರುಚಿ. ಡಾಕ್ಟರು ಅವಳಿಗೆ ಎರಡು ಗುಟುಕಿಗೆ ಮಾತ್ರ ಒಪ್ಪಿದ್ದರು. ಎರಡು ಗುಟುಕು ಕುಡಿದಳು. ಲೋಟವನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯನ್ನು ಕೆಳಗೆ ಆಸರೆ ಕೊಟ್ಟು ಹಿಡಿದಳು. ನನಗೆ ಅದೇ ಸಂತೋಷವಾಗಿ ನೋಡುತ್ತಿದ್ದೆ.

"ಬಗ್ಗು" ಅಂದಳು.

ಗದ್ದಲದಲ್ಲಿ ಏನೋ ಗುಟ್ಟು ಹೇಳುತ್ತಾಳೆಂದು ಅವಳ ತುಟಿಯ ಹತ್ತಿರಕ್ಕೆ ಬಗ್ಗಿದೆ. ಬಲಗೈ ನಡುಗುತ್ತಾ ಮೇಲೆದ್ದಿತು. ಎದೆಯ ಮಟ್ಟ ದಾಟಿತು, ಗಲ್ಲದ ಮಟ್ಟ ದಾಟಿತು. ಉಳಿದ ಬಿಯರನ್ನು ಪೂರ್ತಿ ನನ್ನ ತಲೆಯ ಮೇಲೆ ಸುರಿದಳು.

ಡನೀಡನ್ನಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಬಗ್ಗಿದವನು ಬಗ್ಗಿಯೇ ಇದ್ದೆ, ಲೋಟ ಖಾಲಿಯಾಗುವವರೆಗೆ. 1981ರಲ್ಲಿ ಅವಳು ಸುರಿದದ್ದು ಬಿಸಿಲಿಗೆ ಬೆಚ್ಚಗಾಗಿತ್ತು. ಇವತ್ತಿನದು ತಣ್ಣಗಿತ್ತು.